ಯಾರೂ ಒತ್ತದ ಬಟನ್ನು

ಕಂಪ್ಯೂಟರ್ ಪರದೆಯ ಕೆಳ ಅಂಚಿಗೆ ಒಂದು ಚೀಟಿ ಅಂಟಿಸಿದ್ದರು. ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ‘ಬಂದ್ ಮಾಡಬಾರದು’ ಎಂದು ಬರೆದಿತ್ತು. ಅದರ ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ ‘ಯಾವ ಕಾರಣಕ್ಕೂ’ ಎಂದಿತ್ತು.

ನೋಡಿ ನನಗೆ ನಗು ಬಂತು. ಆ ಪರದೆಯ ಪ್ರೋಗ್ರಾಂ ಬರೆದವಳು ನಾನೇ. ಹಲವು ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಯೋಜನೆ ಅದು. ಹುಕ್ಕೇರಿ ಹೊರಗಿನ ಪಂಪ್‌ಹೌಸಿನಿಂದ ನೀರೆತ್ತಿ ಒಂದೊಂದು ಹಳ್ಳಿಯ ಟ್ಯಾಂಕಿಗೆ ಬಿಡುತ್ತಾರೆ. ಯಾವ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಐದು ಸೆಕೆಂಡಿಗೊಮ್ಮೆ ತೋರಿಸುವ ಡ್ಯಾಶ್‌ಬೋರ್ಡನ್ನು ಗೋಕಾಕದ ನಮ್ಮ ನಾಲ್ಕು ಜನರ ಕಂಪನಿ ಮಾಡಿಕೊಟ್ಟಿತ್ತು. ಬ್ರೌಸರಿನಲ್ಲಿ ತೆರೆಯುವ ಒಂದು ಪುಟ, ಅಷ್ಟೇ. ಪಂಪ್‌ಹೌಸಿನವರು ಅದನ್ನು ಟೀವಿ ಎನ್ನುತ್ತಿದ್ದರು.

ಟೀವಿಯ ಮುಂದೆ ಕೂತಿದ್ದವರು ಐವತ್ತು ದಾಟಿದ ಆಪರೇಟರು. ಎಲ್ಲರಿಗೂ ಅವರು ಚಾಚಾ. ಅಣ್ಣತಮ್ಮಂದಿರು ಹುಕ್ಕೇರಿ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದರೆ ಇವರೊಬ್ಬರು ಚಿಕ್ಕಂದಿನಿಂದ ಮೋಟರು, ವಾಲ್ವುಗಳ ಹಿಂದೆ ಬಿದ್ದವರು. ಇಷ್ಟು ವರ್ಷವಾದರೂ ಕೆಲಸ ಗುತ್ತಿಗೆಯದೇ. ನನ್ನ ಬ್ಯಾಗು ನೋಡಿ ಎದ್ದು ಕುರ್ಚಿ ಬಿಟ್ಟುಕೊಟ್ಟರು.

“ನೀವ ಏನ್ರಿ ಬಾಯಾರ, ಈ ಟೀವಿ ಮಾಡಿದವ್ರು?”

“ಹೌದು ಚಾಚಾ.”

“ಛಲೋ ಆತು. ಹಂಗಾರ ಸಾಹೇಬ್ರಿಗೆ ನೀವ ಹೇಳ್ರಿ, ನಾ ನಿದ್ದಿ ಮಾಡಿರಲಿಲ್ಲ ಅಂತ.”

ನಡೆದದ್ದು ಇಷ್ಟು. ಹಿಂದಿನ ವಾರ ಯಮಕನಮರಡಿ ಕಡೆಯ ಒಂದು ಹಳ್ಳಿಗೆ ಒಂದೂವರೆ ದಿನ ಹನಿ ನೀರು ಹೋಗಿರಲಿಲ್ಲ. ಊರಿನ ನೀರು ಬಿಡುವವನು ಫೋನ್ ಮಾಡಿ ಟ್ಯಾಂಕು ಖಾಲಿ ಎಂದು ಬಡಕೊಂಡಿದ್ದ. ಚಾಚಾ ಪರದೆ ನೋಡಿ, “ಇಲ್ಲಿ ಫುಲ್ ತೋರಸಾಕತ್ತೈತಿ, ನಿಮ್ಮ ವಾಲ್ವ್ ನೋಡ್ಕೋ ಹೋಗು” ಎಂದಿದ್ದರು. ಎರಡನೇ ದಿನ ಹೆಂಗಸರು ಕೊಡ ಹಿಡಿದು ಟ್ರ್ಯಾಕ್ಟರಿನಲ್ಲಿ ಪಂಪ್‌ಹೌಸಿಗೇ ಬಂದರು. ವಿಭಾಗದ ಇಂಜಿನಿಯರ್ ಸಾಹೇಬರು, ಟ್ಯಾಂಕುಗಳ ಅಂಕಿ ಮೊದಲು ಹೋಗಿ ಸೇರುವ ಸರ್ವರಿನ ದಾಖಲೆ ತೆಗೆಸಿದರು. ಅಲ್ಲಿ ಟ್ಯಾಂಕು ಖಾಲಿಯಾದದ್ದು ನಿಮಿಷ ನಿಮಿಷಕ್ಕೂ ಸರಿಯಾಗಿ ಬರೆದಿತ್ತು. ಸರ್ವರು ಖಾಲಿ ಎಂದಿದೆ, ಆಪರೇಟರು ಫುಲ್ ಎನ್ನುತ್ತಾನೆ, ಅಂದ ಮೇಲೆ ಆಪರೇಟರು ಪರದೆ ನೋಡಿಯೇ ಇಲ್ಲ. ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟಿಸು ಬಂತು. ಹತ್ತು ದಿನ ಟೈಮು. ಪರದೆಯಲ್ಲಿ ದೋಷವಿದೆಯೋ ಇಲ್ಲವೋ ಎಂದು ಅಷ್ಟರೊಳಗೆ ವರದಿ ಕೊಡಬೇಕು ಎಂದು ನಮ್ಮ ಕಂಪನಿಗೂ ಒಂದು ಪತ್ರ.

ನಾನು ಕುರ್ಚಿಯಲ್ಲಿ ಕೂತೆ. ಮೌಸ್ ಅಲ್ಲಾಡಿಸಿದರೆ ಬಾಣ ತಡವರಿಸಿಕೊಂಡು ಬರುತ್ತಿತ್ತು. ಚಾಚಾ ಬಗ್ಗಿ ಪರದೆಯ ಮೂಲೆಯ ಗಡಿಯಾರ ತೋರಿಸಿದರು.

“ಇದು ಜಿಗದ ಜಿಗದ ನಡೀತೈತ್ರಿ. ಏಳೆಂಟು ಸೆಕೆಂಡ ಸುಮ್ಮ ನಿಂದರತೈತಿ, ಆಮ್ಯಾಲ ಒಮ್ಮೆಲೆ ಮುಂದ ಹಾರತೈತಿ.”

“ಟೈಮು ಸರಿ ಇದೆಯಲ್ಲ ಚಾಚಾ?”

“ಟೈಮ್ ಖರೆ ಐತ್ರಿ.”

“ಹಾಗಿದ್ದರೆ ಬಿಡಿ.”

ಬಿಡಿ ಎಂದೆ! ಇಡೀ ರೋಗದ ಲಕ್ಷಣವನ್ನು ಅವರು ಮೊದಲ ಹತ್ತು ನಿಮಿಷದಲ್ಲಿ ಬೆರಳಿಟ್ಟು ತೋರಿಸಿದ್ದರು. ಸಾಲದ್ದಕ್ಕೆ ನಾನು ಇನ್ನೊಂದು ಘನಕಾರ್ಯ ಮಾಡಿದೆ. ಕಂಪ್ಯೂಟರು ನಿಧಾನವಾದರೆ ಯಾರೇ ಆಗಲಿ ಮೊದಲು ಮಾಡುವುದೇ ಅದು. ಆ ಪುಟವನ್ನು ಮುಚ್ಚಿದೆ. “ಬ್ಯಾಡ್ರಿ, ಬ್ಯಾಡ್ರಿ” ಎಂದು ಚಾಚಾ ಕೈ ಚಾಚುವಷ್ಟರಲ್ಲಿ ಪರದೆ ಬೆಳ್ಳಗಾಗಿತ್ತು.

ಆ ಚೀಟಿ ಯಾಕಿತ್ತೆಂದು ಆಗ ಗೊತ್ತಾಯಿತು. ಮತ್ತೆ ತೆರೆಯಲು ಪಾಸ್‌ವರ್ಡ್ ಬೇಕು, ಅದು ಸಾಹೇಬರಿಗೆ ಮಾತ್ರ ಗೊತ್ತು. ಭದ್ರತೆ ಎಂದು ಹಾಗೆ ಮಾಡಿದ್ದವರೂ ನಾವೇ. ಸಾಹೇಬರು ಬೆಳಗಾವಿಯಲ್ಲಿ ಮೀಟಿಂಗಿನಲ್ಲಿದ್ದರು, ಫೋನು ಎತ್ತಲಿಲ್ಲ. ಎರಡು ತಾಸು ಕಂಟ್ರೋಲ್ ರೂಮು ಕುರುಡಾಯಿತು. ಚಾಚಾ ನನ್ನನ್ನು ಒಂದು ಮಾತು ಬಯ್ಯಲಿಲ್ಲ. ಜೇಬಿನಿಂದ ಹಳೆಯ ಬಟನ್ ಫೋನು ತೆಗೆದು ಹಳ್ಳಿ ಹಳ್ಳಿಗೆ ಹಚ್ಚಿದರು. “ತುಂಬಿದ ಕೂಡ್ಲೆ ಒಂದ ಮಿಸ್‌ಕಾಲ್ ಕೊಡಪಾ. ಮೊದಲಿನಂಗ.” ಟೀವಿ ಬರುವ ಮುಂಚೆ ಇಡೀ ಯೋಜನೆ ನಡೆಯುತ್ತಿದ್ದದ್ದೇ ಹಾಗಂತೆ, ಟ್ಯಾಂಕು ತುಂಬಿದರೆ ಒಂದು ಮಿಸ್‌ಕಾಲು, ಪೈಪು ಒಡೆದರೆ ಎರಡು. ಟೀವಿ ಬಂದ ಮೇಲೆ ಇನ್ನು ಪರದೆ ನೋಡಿಯೇ ನೀರು ಬಿಡಬೇಕು, ಫೋನಿನ ಮಾತು ನಂಬಬಾರದು ಎಂದು ಸಾಹೇಬರು ಆದೇಶ ಮಾಡಿದ್ದರು. ಆ ಎರಡು ತಾಸಿನಲ್ಲಿ ಒಂದು ಟ್ಯಾಂಕೂ ಉಕ್ಕಲಿಲ್ಲ, ಒಂದೂ ಬರಿದಾಗಲಿಲ್ಲ.

ಕೊನೆಗೆ ಸಾಹೇಬರು ಪಾಸ್‌ವರ್ಡ್ ಹೇಳಿದರು. ಪುಟ ತೆರೆಯಿತು. ಎಲ್ಲ ಅಂಕಿಗಳೂ ಸರಿ, ಗಡಿಯಾರ ಸೆಕೆಂಡಿಗೊಂದು ಹೆಜ್ಜೆ ಸರಿಯಾಗಿ ಇಡುತ್ತಿತ್ತು.

“ಈಗ ಸರಿ ತೋರಸ್ತೈತೇನ್ರಿ?” ಎಂದು ಸಾಹೇಬರು ಫೋನಿನಲ್ಲೇ ಕೇಳಿದರು.

“ಹೌದು ಸರ್.”

“ಅಂದ್ರ ಟೀವಿ ಸರಿ ಐತಿ.”

ಚಾಚಾ ನನ್ನ ಮುಖ ನೋಡುತ್ತಿದ್ದರು. ಪರದೆ ಸುಳ್ಳು ಹೇಳುತ್ತಿತ್ತು ಎನ್ನಲು ಅವರ ಹತ್ತಿರ ಇದ್ದ ಒಂದೇ ಒಂದು ಪುರಾವೆ, ವಾರಗಟ್ಟಲೆ ತೆರೆದೇ ಇದ್ದ ಆ ಪುಟ. ಅದನ್ನು ನನ್ನ ಕೈಯಾರೆ ಅಳಿಸಿ ಹಾಕಿದ್ದೆ.

ಪುಟ ತೆರೆದಿಟ್ಟಷ್ಟು ಕಾಲ ನಿಧಾನವಾಗುವುದು, ಮುಚ್ಚಿ ತೆರೆದರೆ ಸರಿಹೋಗುವುದು ಮೆಮೊರಿ ಸೋರಿಕೆಯ ಲಕ್ಷಣ. ಬ್ರೌಸರು ಕಂಪ್ಯೂಟರಿನಲ್ಲಿ ಒಂದಿಷ್ಟು ಜಾಗ ಹಿಡಿದು ಕೆಲಸ ಮಾಡುತ್ತದೆ. ಕೆಲಸ ಮುಗಿದ ಜಾಗವನ್ನು ಬಿಟ್ಟುಕೊಡಬೇಕು. ಬರೆದವರು ಎಡವಟ್ಟು ಮಾಡಿದ್ದರೆ ಬಿಡುವುದಿಲ್ಲ. ಉಂಡೆದ್ದವರ ಎಲೆ ತೆಗೆಯದೆ ಪಕ್ಕದಲ್ಲೇ ಮುಂದಿನ ಪಂಕ್ತಿ ಕೂರಿಸುತ್ತ ಹೋದ ಹಾಗೆ, ಕಡೆಗೆ ಬಡಿಸುವವರಿಗೆ ಕಾಲಿಡಲೂ ಜಾಗವಿರುವುದಿಲ್ಲ. ಎಲೆ ತೆಗೆಯುವುದನ್ನು ನಾನು ಎಲ್ಲಿ ಮರೆತಿದ್ದೇನೆ ಎಂಬುದು ಪ್ರಶ್ನೆ.

ಗೋಕಾಕದಲ್ಲಿ ಅದೇ ಪುಟವನ್ನು ನಾಲ್ಕು ದಿನ ತೆರೆದಿಟ್ಟೆ. ಮೆಮೊರಿ ಏರಲೇ ಇಲ್ಲ. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಾಗ, ಆರಿಸಿದ ಟ್ಯಾಂಕಿನ ಮಟ್ಟ ತೋರಿಸುವ ದೊಡ್ಡ ಗ್ರಾಫಿನಲ್ಲಿ ಒಂದು ಸೋರಿಕೆ ಸಿಕ್ಕಿತು. ಒಂದು ಟ್ಯಾಂಕು ಬಿಟ್ಟು ಇನ್ನೊಂದನ್ನು ಆರಿಸಿದರೆ ಹಳೆಯ ಗ್ರಾಫು ಒಳಗೇ ಉಳಿಯುತ್ತಿತ್ತು. ಸರಿಪಡಿಸಿ, ಮಿಠಾಯಿ ಹಂಚುವಷ್ಟು ಖುಷಿಪಟ್ಟೆ. ಲೆಕ್ಕ ಹಾಕಿ ನೋಡಿದರೆ ಅದೊಂದೇ ಕಾರಣವಾಗಬೇಕಾದರೆ ಚಾಚಾ ಊಟ ನಿದ್ದೆ ಬಿಟ್ಟು ದಿನವಿಡೀ ಟ್ಯಾಂಕು ಆರಿಸುತ್ತಲೇ ಇರಬೇಕು. ನಮ್ಮ ಕಂಪನಿಯ ಮಾಲೀಕರು ಹೇಳಿದರು: “ಮಶೀನ್ ಹಳೇದೈತಿ, ಅದರಾಗ ಇನ್ನೊಂದು ರ್‍ಯಾಮ್ ಹಾಕಿ ಬಾ, ಮುಗೀತು.” ಹಾಕಿ ಬಂದೆ. ಮುಗಿಯಲಿಲ್ಲ.

ಇಷ್ಟು ಹೊತ್ತಿಗೆ ಐದು ದಿನ ಹೋಗಿತ್ತು. ದಿನಾ ಬೆಳಿಗ್ಗೆ ಮೂಡಲಗಿಯ ಮನೆಯಿಂದ ಗೋಕಾಕಕ್ಕೆ, ಪಂಪ್‌ಹೌಸಿಗೆ ಹೋಗುವ ದಿನ ಅಲ್ಲಿಂದ ಘಟಪ್ರಭಾ ಮೇಲೆ ಹುಕ್ಕೇರಿಗೆ ಬಸ್ಸು. ಮುಂದೆ ಎರಡೆರಡು ಟ್ರೇಲರು ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಆರಾಮ ಹೋಗುತ್ತಿದ್ದವು. ನಾನು ಕಿಟಕಿಗೆ ತಲೆ ಆನಿಸಿ, ಸಿಕ್ಕದಿದ್ದರೆ ಚಾಚಾಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ.

ಉಪಯೋಗಕ್ಕೆ ಬಂದದ್ದು ಚಾಚಾನ ರಜಿಸ್ಟರು. ಬ್ರೌಸರು ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಸಣ್ಣ ಕಿಟಕಿಯೊಂದನ್ನು ಮೊದಲ ದಿನವೇ ತೆರೆದಿಟ್ಟು, ಅರ್ಧ ತಾಸಿಗೊಮ್ಮೆ ಆ ಅಂಕಿ ಬರೆದಿಡಿ ಎಂದಿದ್ದೆ. ಪಂಪ್ ಚಾಲೂ, ಪಂಪ್ ಬಂದ್, ಅಲಾರಂ ಎಂಬ ಕಾಲಮ್ಮುಗಳ ಪಕ್ಕದಲ್ಲಿ ಅವರು ಸ್ಕೇಲಿನಿಂದ ಇನ್ನೊಂದು ಗೆರೆ ಎಳೆದು ‘ಟೀವಿ ತೂಕ’ ಎಂದು ಶೀರ್ಷಿಕೆ ಕೊಟ್ಟಿದ್ದರು. ತನ್ನ ಕೆಲಸ ಕಳೆಯಲು ಹೊರಟ ಯಂತ್ರದ ತೂಕವನ್ನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದರು, ಒಂದು ಸಲವೂ ತಪ್ಪಿಸಿರಲಿಲ್ಲ.

ಆರನೇ ದಿನ ಆ ಪುಟದ ಮೇಲೆ ಬೆರಳಾಡಿಸುತ್ತ ಹೋದೆ. ತೂಕ ಒಂದೇ ಸಮನೆ ಏರುತ್ತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಪ್ರತಿ ಮೆಟ್ಟಿಲಿನ ಸಾಲಿನಲ್ಲೂ ಪಕ್ಕದ ಕಾಲಮ್ಮಿನಲ್ಲಿ ಒಂದು ಅಲಾರಂ.

“ಚಾಚಾ, ಅಲಾರಂ ಬಂದರೆ ಏನು ಮಾಡುತ್ತೀರಿ?”

“ಏನೈತಿ ನೋಡಿ ಪಂಪ್ ಚಾಲೂ ಮಾಡತೇನ್ರಿ, ಇಲ್ಲಾ ಬಂದ್ ಮಾಡತೇನ್ರಿ.”

“ಅದಲ್ಲ, ಪರದೆಯ ಮೇಲೆ?”

ಅವರು ರಜಿಸ್ಟರು ತಮ್ಮ ಕಡೆ ಎಳೆದುಕೊಂಡರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಕಾದೆ. ಮಧ್ಯಾಹ್ನ ಒಂದು ಟ್ಯಾಂಕಿನ ಮಟ್ಟ ಇಳಿದು ಪರದೆಯ ನಡುವೆ ಕೆಂಪು ಡಬ್ಬಿ ತೆರೆಯಿತು. ಅದರಲ್ಲಿ ಆ ಟ್ಯಾಂಕಿನ ಸಣ್ಣ ಗ್ರಾಫು, ಕೆಳಗೆ ಆಪರೇಟರುಗಳ ಹೆಸರಿನ ಪಟ್ಟಿ, ‘ನೋಡಿದ್ದೇನೆ’ ಎಂಬ ಬಟನ್ನು. ಹೆಸರು ಆರಿಸಿ ಬಟನ್ನು ಒತ್ತಿದರೆ ಡಬ್ಬಿ ಮುಚ್ಚಿ, ಒಳಗಿನದೆಲ್ಲ ಅಳಿಯುತ್ತದೆ. ಚಾಚಾ ಬಟನ್ನಿನ ತಂಟೆಗೆ ಹೋಗಲಿಲ್ಲ. ಡಬ್ಬಿಯ ಹೊರಗೆ ಖಾಲಿ ಜಾಗದಲ್ಲಿ ಒಂದು ಕ್ಲಿಕ್ ಮಾಡಿದರು. ಡಬ್ಬಿ ಮಾಯವಾಯಿತು. ಪಂಪು ಚಾಲೂ ಮಾಡಿ ರಜಿಸ್ಟರಿನಲ್ಲಿ ಬರೆದರು.

“ಬಟನ್ ಯಾಕೆ ಒತ್ತಲಿಲ್ಲ?”

“ಅದನ್ನ ಯಾರೂ ಒತ್ತೂದಿಲ್ರಿ ಬಾಯಾರ.” ದನಿ ಇಳಿಸಿದರು. “ನನ್ನ ಜೋಡಿ ಮೊದ್ಲ ಇನ್ನೊಬ್ಬ ಆಪರೇಟರ್ ಇದ್ದ, ಅಂವ ಒತ್ತತಿದ್ದ. ತಿಂಗಳ ಕೊನಿಗೆ ಅವನ ಹೆಸರ್ಲೆ ಪ್ರಿಂಟ್ ಬಂತು. ಇಷ್ಟ ಅಲಾರಂ ನೋಡೀದಿ, ಇಷ್ಟಕ್ಕ ಏನೂ ಮಾಡಿಲ್ಲ ಯಾಕ ಅಂತ ಕೇಳಿದ್ರು. ಕರೆಂಟ್ ಇರಲಿಲ್ಲರಿ ಅವತ್ತ, ಏನ ಮಾಡತಾನವಾ? ಕೆಲಸದಿಂದ ತಗದ್ರು. ಹೋಗೂಮುಂದ ನನಗ ಹೇಳಿ ಹೋದ, ಬಾಜೂಕ ಒತ್ತಿದ್ರ ಡಬ್ಬಿ ತಾನ ಹೋಗತೈತಿ, ಹೆಸರ ಹಾಕಬ್ಯಾಡ ಅಂತ. ನಮ್ಮಂಥಾವ್ರು ಕಂಪ್ಯೂಟರನ್ಯಾಗ ಹೆಸರ ಹಾಕಬಾರದ್ರಿ.”

ಡಬ್ಬಿ ಹೋಗುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. ಹೊರಗೆ ಒತ್ತಿದರೆ ಮರೆಯಾಗಲಿ ಎಂದು ಅನುಕೂಲಕ್ಕೆ ಬರೆದಿದ್ದೆ, ಅಳಿಸಲು ಬರೆದಿರಲಿಲ್ಲ. ಕಾಣದ ಆ ಡಬ್ಬಿಯ ಗ್ರಾಫು ಐದು ಸೆಕೆಂಡಿಗೊಮ್ಮೆ ಹೊಸ ಅಂಕಿ ನುಂಗುತ್ತ ಒಳಗೇ ಬೆಳೆಯುತ್ತಿತ್ತು. ನಮ್ಮ ಆಫೀಸಿನಲ್ಲಿ ನಾವೆಲ್ಲ ಬಟನ್ನು ಒತ್ತುವವರೇ. ಒತ್ತಲು ಹೆದರುವ ಮನುಷ್ಯನನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ.

ಮರುದಿನ ಗೋಕಾಕದಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು ಮುನ್ನೂರು ಸುಳ್ಳು ಅಲಾರಂ ಎಬ್ಬಿಸಿ, ಪ್ರತಿಯೊಂದನ್ನೂ ಚಾಚಾನ ಹಾಗೆ ಹೊರಗೆ ಒತ್ತಿ ಮರೆಮಾಡಿಸಿದೆ. ಪುಟ ಏದುಸಿರು ಬಿಡತೊಡಗಿತು. ಐದು ಸೆಕೆಂಡಿಗೊಮ್ಮೆ ಬರುವ ಅಂಕಿಗಳನ್ನು ಅರಗಿಸಿಕೊಳ್ಳಲು ಅದಕ್ಕೆ ಏಳು ಸೆಕೆಂಡು ಬೇಕಾಯಿತು. ಉಳಿದವು ಸರದಿಯಲ್ಲಿ ನಿಂತವು. ಸರದಿ ಬೆಳೆದಂತೆ ಪರದೆ ಹಿಂದೆ ಬಿತ್ತು, ಮೊದಲು ನಿಮಿಷ, ಆಮೇಲೆ ತಾಸು. ಮೂರು ದಿನ ಹೀಗೇ ಬಿಟ್ಟರೆ ಹತ್ತಿರ ಹತ್ತಿರ ಒಂದು ದಿನದಷ್ಟು ಹಳೆಯ ಅಂಕಿ. ಹೊಸ ಅಲಾರಮ್ಮುಗಳೂ ಅದೇ ಸರದಿಯಲ್ಲಿ ನಿಂತು ಒಂದು ದಿನ ತಡವಾಗಿ ಬರುತ್ತವೆ. ಚಾಚಾ ನೋಡಿದ ‘ಫುಲ್’ ಹಿಂದಿನ ದಿನದ್ದು. ಮೂಲೆಯ ಗಡಿಯಾರ ಮಾತ್ರ ಕಂಪ್ಯೂಟರಿನ ಸಮಯವನ್ನೇ ತೋರಿಸುತ್ತಿತ್ತು, ಏದುಸಿರಿನ ನಡುವೆ ಏಳೇಳು ಸೆಕೆಂಡು ಹಾರುತ್ತ. ಚೆಂದ ಕಾಣಲಿ ಎಂದು ಅಲ್ಲಿ ಆ ಗಡಿಯಾರ ಇಟ್ಟವಳು ನಾನು. ನಿನ್ನೆಯ ನೀರಿನ ಪಕ್ಕದಲ್ಲಿ ಇವತ್ತಿನ ಸಮಯ ತೋರಿಸಿದರೆ ಯಾರು ತಾನೇ ನಂಬುವುದಿಲ್ಲ?

ಸಂಜೆಯೊಳಗೆ ಎಲ್ಲ ಸರಿಪಡಿಸಿದೆ. ಮರೆಯಾದ ಡಬ್ಬಿ ಪೂರ್ತಿ ಅಳಿಯುವಂತೆ ಮಾಡಿದೆ. ಗಡಿಯಾರದ ಜಾಗದಲ್ಲಿ ಕೊನೆಯ ಅಂಕಿ ಬಂದ ಸಮಯ ತೋರಿಸುವಂತೆ ಮಾಡಿದೆ. ಮಾಲೀಕರು ನನ್ನ ಬೆನ್ನು ತಟ್ಟಿ ವರದಿಯನ್ನು ತಾವೇ ಬರೆಯಲು ಕೂತರು. ಒಂದೇ ಪ್ಯಾರಾ. ‘ಆಪರೇಟರ್ ಅಲಾರಂಗಳನ್ನು ನಿಯಮದಂತೆ ದೃಢೀಕರಿಸದೆ ಬಿಟ್ಟದ್ದರಿಂದ ಪರದೆ ನಿಧಾನವಾಗಿರುತ್ತದೆ.’

ಎರಡು ಸಲ ಓದಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಚಾಚಾನನ್ನು ಉಳಿಸಲೆಂದು ಆರು ದಿನ ಹುಡುಕಿ ತಂದ ಸತ್ಯವನ್ನೇ ಅವರ ಕೊರಳಿಗೆ ಕಟ್ಟಿದ್ದರು.

“ಸರ್, ತಪ್ಪು ನಮ್ಮ ಪುಟದ್ದಲ್ಲವೇ?”

“ಬಟನ್ ಒತ್ತಿದ್ರ ಹಿಂಗ ಆಗ್ತಿತ್ತೇನು?”

“ಇಲ್ಲ.”

“ಮತ್ತ? ಮುಂದಿನ ತಿಂಗಳ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕವ್ವಾ. ನಾಕ್ ಮಂದಿ ಹೊಟ್ಟಿ ಐತಿ ಇದರಾಗ.”

ಅವರು ಕೆಟ್ಟವರಲ್ಲ, ಹೆದರಿದ್ದರು.

ನಾನು ನನ್ನದೇ ಎರಡು ಪುಟದ ವರದಿ ಬರೆದೆ. ದೋಷ ಎಲ್ಲಿತ್ತು, ಅಂಕಿ ಹೇಗೆ ಹಿಂದೆ ಬಿದ್ದವು, ಆಪರೇಟರು ಎಷ್ಟೇ ಎಚ್ಚರವಾಗಿದ್ದರೂ ಯಾಕೆ ತಿಳಿಯುವ ಹಾಗಿರಲಿಲ್ಲ ಎಂದು ಸರಳವಾಗಿ ಬರೆದು ಶುಕ್ರವಾರ ಹುಕ್ಕೇರಿ ಆಫೀಸಿಗೆ ಹೋದೆ. ಮಾಲೀಕರ ಕಾಗದ ಆಗಲೇ ಸಾಹೇಬರ ಮೇಜಿನ ಮೇಲಿತ್ತು. ಸಾಹೇಬರು ನನ್ನ ಎರಡೂ ಪುಟ ಪೂರ್ತಿ ಓದಿದರು, ಎರಡು ಕಡೆ ಪ್ರಶ್ನೆ ಕೇಳಿದರು. ಆಮೇಲೆ ಕೊನೆಯ ಪುಟ ನನ್ನ ಕಡೆ ತಿರುಗಿಸಿ ಪೆನ್ನು ಇಟ್ಟರು.

“ಹೆಸರು ಹಾಕಿ ಸಹಿ ಮಾಡ್ರಿ. ಹೆಸರಿಲ್ಲದ ಕಾಗದ ನಾ ಫೈಲಿಗೆ ಹಾಕಂಗಿಲ್ಲ. ಸಂಜಿಗೆ ಫೈಲ್ ಮ್ಯಾಲಿನ ಆಫೀಸಿಗೆ ಹೋಗತೈತಿ, ಐದರ ತನಾ ನಾ ಇಲ್ಲೇ ಕುಂತಿರತೇನಿ.”

ಪೆನ್ನು ಎತ್ತಿಕೊಂಡೆ. ಕಂಪನಿಯ ಕಾಗದದ ವಿರುದ್ಧ ಕಂಪನಿಯವಳದೇ ಕಾಗದ, ಅದರ ಕೆಳಗೆ ನನ್ನ ಹೆಸರು. ನಾಳೆ ಈ ಕಾಗದದ ಪ್ರಿಂಟು ಯಾರ ಯಾರ ಕೈಗೆ ಹೋಗುತ್ತದೋ, ನೀನೇ ಬರೆದ ಪುಟ, ನೀನೇ ತಪ್ಪು ಒಪ್ಪಿಕೊಂಡಿದ್ದೀಯ ಎಂದು ಯಾರು ಕೇಳುತ್ತಾರೋ. “ಒಂದು ಮಾತು ಕೇಳಿ ಬರುತ್ತೇನೆ ಸರ್” ಎಂದು ಕಾಗದ ಎತ್ತಿಕೊಂಡು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಮಾಲೀಕರಿಗೆ ಫೋನ್ ಮಾಡಿದೆ. ಸಹಿ ಬೇಡ, ಬಾ ಎಂದರು. ಯಾಕೆ ಕೇಳಿದೆನೋ, ಏನು ಹೇಳುತ್ತಾರೆಂದು ಮೊದಲೇ ಗೊತ್ತಿತ್ತು. ಬೇಡ ಎನ್ನಲಿ ಎಂದೇ ಕೇಳಿದ್ದಿರಬೇಕು. ಗಂಟೆ ನಾಲ್ಕಾಯಿತು. ಆಫೀಸು ಅಲ್ಲೇ, ನಡೆದರೆ ಐದು ನಿಮಿಷ. ಗೋಕಾಕದ ಬಸ್ಸು ಬಂತು, ಹತ್ತಿ ಕೂತೆ.

ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಎರಡು ದಿನ ಮೂಡಲಗಿಯ ಮನೆಯಲ್ಲಿ ಯಾರ ಮೇಲೆ ಯಾಕೆ ಸಿಡುಕುತ್ತಿದ್ದೇನೆಂದು ಅವ್ವನಿಗೂ ತಿಳಿಯಲಿಲ್ಲ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ. ಭಾನುವಾರ ಸಂಜೆ ಚಹಾ ಕುಡಿಯುತ್ತ ಕೂತಲ್ಲೇ ಬ್ಯಾಗಿನಿಂದ ಕಾಗದ ತೆಗೆದು ಹೆಸರು ಬರೆದು ಸಹಿ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಸೋಮವಾರ ಸಾಹೇಬರು ಅದನ್ನು ತೆಗೆದುಕೊಂಡು, ಸಹಿ ನೋಡಿ, ಆಫೀಸಿನಲ್ಲಿ ಉಳಿದಿದ್ದ ಫೈಲಿನ ಪ್ರತಿಯಲ್ಲಿ ಸೇರಿಸಿದರು. “ಹಾಕಿರತೇನಿ. ಆದ್ರ ಆಪರೇಟರನ್ನ ತಗಿಯೂ ಆರ್ಡರ್ ಶುಕ್ರವಾರ ಸಂಜಿಗೇ ಆಗೇತ್ರಿ. ನೀವು ಬರತೀರೇನ ಅಂತ ಐದೂವರಿ ತನಾ ನೋಡಿದೆ.” ಬಯ್ದಿದ್ದರೆ ಚೆನ್ನಾಗಿತ್ತು, ಆದರೆ ಅವರು ಬಯ್ಯಲಿಲ್ಲ.

ಪಂಪ್‌ಹೌಸಿನಲ್ಲಿ ಚಾಚಾ ಹೊಸ ಆಪರೇಟರಿಗೆ ಕೆಲಸ ಒಪ್ಪಿಸುತ್ತಿದ್ದರು. ಹೊಸಬರು ಸಂಕೇಶ್ವರದ ಕಡೆಯವರು, ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು. ಮೇಜಿನ ಮೇಲೆ ಚಾಚಾನ ಊಟದ ಡಬ್ಬಿ, ಕುರ್ಚಿಯ ಮೇಲೆ ಹಾಕಿಕೊಳ್ಳುತ್ತಿದ್ದ ದಿಂಬು, ಎರಡನ್ನೂ ಚೀಲಕ್ಕೆ ತುಂಬಿ ಇಟ್ಟಿದ್ದರು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಶುಕ್ರವಾರದ ಪೆನ್ನು, ಕಲ್ಲುಬೆಂಚು, ನಾಲ್ಕು ಗಂಟೆಯ ಬಸ್ಸು.

ಚಾಚಾ ಚೀಲದ ಬಾಯಿ ಕಟ್ಟಿದರು.

“ಹೆಸರ ಹಾಕೂದು ಅಷ್ಟ ಹಗರ ಅಲ್ರಿ ಬಾಯಾರ. ನನಗ ಗೊತ್ತೈತಿ.” ಆಮೇಲೆ ಪರದೆಯ ಮೂಲೆ ನೋಡಿದರು. “ಈಗ ಐದೈದು ಸೆಕೆಂಡಕ್ಕ ಬರೋಬ್ಬರಿ ನಡೀತೈತಿ ನೋಡ್ರಿ. ಸರಿ ಮಾಡೀರಿ.”

ಅಷ್ಟರಲ್ಲಿ ಯಾವುದೋ ಟ್ಯಾಂಕಿನ ಕೆಂಪು ಡಬ್ಬಿ ತೆರೆಯಿತು. ಹೊಸಬರು ಗಡಿಬಿಡಿಯಲ್ಲಿ ಮೌಸ್ ಹಿಡಿದು ಪಟ್ಟಿ ನೋಡಿದರು. “ಇದರಾಗ ನನ್ನ ಹೆಸರ ಇಲ್ಲಲ್ರಿ ಚಾಚಾ. ಏನ ಮಾಡ್ಲಿ?”

ಪಟ್ಟಿ ಇನ್ನೂ ಹಳೆಯದೇ ಇತ್ತು. ಚಾಚಾನ ಹೆಸರು ಮೊದಲ ಸಾಲಿನಲ್ಲೇ ಇತ್ತು. ಅವರು ಚೀಲ ಕೆಳಗಿಟ್ಟು, ಬಗ್ಗಿ, ಹೊಸಬರ ಕೈಯಿಂದ ಮೌಸ್ ತೆಗೆದುಕೊಂಡರು.

“ನಂದ ಒತ್ತಿ ಬಿಡೂಣು. ಈಗ ಯಾರು ಕೇಳಾಕ ಬರತಾರ.”

ತಮ್ಮ ಹೆಸರು ಆರಿಸಿ ‘ನೋಡಿದ್ದೇನೆ’ ಒತ್ತಿದರು. ಡಬ್ಬಿ ಮುಚ್ಚಿತು. ಪಂಪು ಚಾಲೂ ಮಾಡಿಸಿ, ರಜಿಸ್ಟರಿನಲ್ಲಿ ಸಮಯ ಬರೆದು, ಚೀಲ ಎತ್ತಿಕೊಂಡು ಹೊರಟರು.